ಥ್ಯಾಂಕ್ಸ್ ಹೇಳಬಾರದ ಮದ್ದು

ಅಮೆರಿಕಕ್ಕೆ ಬಂದ ಮೇಲೆ ನನಗೆ ಅಂಟಿಕೊಂಡು ಇನ್ನೂ ಬಿಡದ ಕಾಯಿಲೆ ಒಂದೇ: ಥ್ಯಾಂಕ್ ಯೂ. ಬಾಗಿಲು ಹಿಡಿದವರಿಗೆ, ಬಿಲ್ಲು ಕೊಟ್ಟವರಿಗೆ, ಕೊನೆಗೆ ಸ್ಪೀಡಿಂಗ್ ಟಿಕೆಟ್ ಕೈಗಿತ್ತ ಪೊಲೀಸಪ್ಪನಿಗೂ ಹೇಳಿದ್ದೇನೆ. ಅದು ಮದ್ದನ್ನೂ ಕೆಡಿಸೀತು ಎಂದು ತಿಳಿದದ್ದು ಮಗಳ ಮದುವೆಯ ಹೊತ್ತಿಗೆ.

ನನ್ನ ಬಲಗೈ ಹೆಬ್ಬೆರಳ ಮೇಲೆ ಕಡಲೆ ಗಾತ್ರದ ನರಹುಲಿ ಎದ್ದಿತ್ತು. ಮದುವೆ ಹತ್ತಿರದ ಊರು ಪೇರ್‌ಲ್ಯಾಂಡಿನ ದೇವಸ್ಥಾನದಲ್ಲಿ. ಧಾರೆ ಎರೆಯುವಾಗ ಫೋಟೋಗ್ರಾಫರ್ ಕೈಗಳನ್ನೇ ಕ್ಲೋಸಪ್‌ನಲ್ಲಿ ತೆಗೆಯುತ್ತಾನಂತೆ. "ಅಪ್ಪ, ಪ್ಲೀಸ್, ಡೂ ಸಮ್‌ಥಿಂಗ್" ಅಂದಳು ಮಗಳು. ಚರ್ಮದ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಮದುವೆ ಮುಗಿದ ಮೇಲಿನ ವಾರಕ್ಕೆ.

ನಾವಿರುವ ಊರು ಮಿಸೌರಿ ಸಿಟಿಯಲ್ಲಿ ನಮ್ಮ ಪಕ್ಕದ ಮನೆಯ ಬ್ರಿಜೆಟ್ ಅಜ್ಜಿ ಐರ್ಲೆಂಡಿನಿಂದ ಮದುವೆಯಾಗಿ ಬಂದವರು. ಅವರ ಹಳ್ಳಿಮದ್ದಿನ ಮೇಲೆ ನನಗೆ ಮೊದಲಿನಿಂದಲೂ ಗೌರವ. ನೆಗಡಿಗೆ ಅವರಲ್ಲಿ ನಿಂಬೆ, ಲವಂಗ, ಜೇನು, ಬಿಸಿನೀರು. ಇವೆಲ್ಲ ಮುಳುಗುವಷ್ಟು ವಿಸ್ಕಿ. ಅವರ ಪರಿಚಯವಾದಾಗಿನಿಂದ ನನಗೆ ನೆಗಡಿ ಜಾಸ್ತಿಯಾಗಿದೆ ಎಂದು ಹೆಂಡತಿ ಶಾರದೆಯ ದೂರು. ಕಫ ಕಟ್ಟಿದರೆ ಎದೆಗೆ ಹೆಬ್ಬಾತಿನ ಕೊಬ್ಬು ಹಚ್ಚಬೇಕು ಎಂದಾಗ ಮಾತ್ರ ನನ್ನ ಸಸ್ಯಾಹಾರಿ ಎದೆ ಹಿಂಜರಿಯಿತು.

ನರಹುಲಿಗೆ ಅಜ್ಜಿ ಆಲೂಗಡ್ಡೆ ತಂದರು. ಹೆಚ್ಚಿ, ಹೋಳನ್ನು ಅದರ ಮೇಲೆ ಉಜ್ಜಿ, ಹಿತ್ತಲಲ್ಲಿ ಹೂಳು ಎಂದರು. ಅದು ಕೊಳೆತಂತೆ ಇದೂ ಉದುರುತ್ತದಂತೆ. ಷರತ್ತು ಒಂದೇ: ಮದ್ದು ಕೊಟ್ಟವರಿಗೆ ಥ್ಯಾಂಕ್ಸ್ ಹೇಳಕೂಡದು, ಹೇಳಿದರೆ ಗುಣ ಹೋಯಿತು. ಆಗಲಿ ಎಂದು ಎದ್ದವನು ಬಾಗಿಲ ಬಳಿ ಥ್ಯಾಂಕ್ ಯೂ ಅಂದೇಬಿಟ್ಟೆ. ಅಜ್ಜಿ ನಿಟ್ಟುಸಿರಿಟ್ಟು ಇನ್ನೊಂದು ಗಡ್ಡೆ ಹೆಚ್ಚಿದರು. ಗಾಬರಿಯಲ್ಲಿ ಸಾರಿ ಎಂದೆ, ಅದರ ಬೆನ್ನಿಗೇ ಮತ್ತೆ ಥ್ಯಾಂಕ್ ಯೂ. ಮೂರನೆಯ ಗಡ್ಡೆಗೆ ಬಾಯಿಗೆ ಕೈ ಅಡ್ಡ ಹಿಡಿದು ಕಳ್ಳನ ಹಾಗೆ ಓಡಿಬಂದೆ.

ಮದುವೆಯ ಹಿಂದಿನ ದಿನ ಸ್ನಾನ ಮಾಡುವಾಗ ನೋಡುತ್ತೇನೆ, ನರಹುಲಿ ಇಲ್ಲ. ಅವು ತಾವಾಗಿಯೇ ಹೋಗುತ್ತವೆ ಎಂದು ಮಗಳು ಇಂಗ್ಲಿಷಿನಲ್ಲಿ ವಿವರಿಸಿದಳು. ಇದ್ದರೂ ಇರಬಹುದು. ಧಾರೆಯ ಫೋಟೋದಲ್ಲಿ ನನ್ನ ಹೆಬ್ಬೆರಳು ಚೊಕ್ಕವಾಗಿದೆ. ಅಜ್ಜಿಯ ಕೈಗೆ ಒಬ್ಬಟ್ಟಿನ ಡಬ್ಬಿ ಕೊಟ್ಟು, ಯಾಕೆಂದು ಹೇಳದೆ ಬಂದೆ.

ಗಲಾಟೆಯೆಲ್ಲ ಮುಗಿದ ಮೇಲೆ ನಿಜವಾದ ನೆಗಡಿಯೇ ಬಂತು. ಶಾರದೆ ಮೆಣಸು-ಜೀರಿಗೆ ಕಷಾಯ ತಂದಿಟ್ಟಳು. ಇಷ್ಟು ವರ್ಷ ಅವಳ ಕಷಾಯ ಒಮ್ಮೆಯೂ ಸೋಲದ್ದರ ಗುಟ್ಟು ಆಗ ಹೊಳೆಯಿತು: ಊರಿಗೆಲ್ಲ ಥ್ಯಾಂಕ್ಸ್ ಹಂಚಿದ ನಾನು ಅವಳಿಗೆ ಒಂದು ಸಲವೂ ಹೇಳಿರಲಿಲ್ಲ. ಈ ಸಂಶೋಧನೆಯನ್ನು ಹೆಮ್ಮೆಯಿಂದ ತಿಳಿಸಿದೆ.

"ಒಂದ್ಸಲ ಹೇಳಿ ನೋಡಿ" ಅಂದಳು. "ಕಷಾಯ ಕೆಟ್ರೆ ಇನ್ನೊಂದ್ಸಲ ಮಾಡ್ಕೊಡ್ತೀನಿ."

ಹೇಳಿದೆ. ನೆಗಡಿ ಇನ್ನೂ ಬಿಟ್ಟಿಲ್ಲ. ದಿನವೂ ಕಷಾಯ ಬರುತ್ತಿದೆ, ನಾನೂ ದಿನವೂ ಹೇಳುತ್ತಿದ್ದೇನೆ.