ಐಸ್‌ಕ್ರೀಮ್ ಕೋಣೆಯಲ್ಲಿ ಬದಲಾದ ಜಾಕೆಟ್

ಮುನೀರಾಳ ಜಾಕೆಟ್ಟನ್ನು ಬದಲಾಯಿಸಿದವಳು ನಾನು. ತಿಳಿಯದೆ ಮಾಡಿದ್ದಲ್ಲ, ಅವಸರದಲ್ಲಿ ಆದದ್ದೂ ಅಲ್ಲ. ಎರಡೂ ಕಡುನೀಲಿ, ಎರಡೂ ಒಂದೇ ಅಳತೆ — ಯಾವುದು ಬೆಚ್ಚಗಿದೆ, ಯಾವುದು ಇಲ್ಲ ಎಂದು ನನಗೊಬ್ಬಳಿಗೇ ಗೊತ್ತಿತ್ತು. ಗೊತ್ತಿದ್ದೇ ಬೆಚ್ಚಗಿದ್ದುದನ್ನು ಎತ್ತಿಕೊಂಡೆ, ಇನ್ನೊಂದನ್ನು ಅವಳಿಗೆ ಬಿಟ್ಟೆ. ಅದನ್ನು ತೊಟ್ಟು ಅವಳು ಹಿಮದ ಬೆಟ್ಟಕ್ಕೆ ಬಂದಳು, ಅರ್ಧಕ್ಕೇ ನಡುಗುತ್ತ ಇಳಿದಳು. ಆಮೇಲೆ ಆರು ವರ್ಷ, ತನ್ನ ಮೈಯೇ ಸರಿಯಿಲ್ಲ ಎಂದು ನಂಬಿಕೊಂಡು ಬದುಕಿದಳು.

ಇದನ್ನು ಬರೆಯಲು ಎಷ್ಟೋ ಸಲ ಕೂತಿದ್ದೇನೆ, ಎದ್ದಿದ್ದೇನೆ. ಈಗ ಏಳುವುದೂ ಆಯಾಸ.

ನನ್ನ ಮನೆ ಶಿವಮೊಗ್ಗದ ರವೀಂದ್ರನಗರದಲ್ಲಿ. ನವುಲೆಯ ಕಡೆ ಒಂದು ಪ್ರಯೋಗಾಲಯದಲ್ಲಿ ಮಣ್ಣು ಪರೀಕ್ಷೆ ಮಾಡುವುದು ಕೆಲಸ. ಊರಿನ ಚಾರಣಿಗರದ್ದೊಂದು ವಾಟ್ಸಾಪ್ ಗುಂಪಿದೆ; ದೀಪಾವಳಿ ಕಳೆಯುತ್ತಿದ್ದ ಹಾಗೆ ಅಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ — ಹಿಮದ ಜಾಗಕ್ಕೆ ಹೋಗಬೇಕು, ಕಡಿಮೆ ಬೆಲೆಗೆ ಒಳ್ಳೆಯ ಜಾಕೆಟ್ ಯಾವುದು? ಎಲ್ಲರೂ ನನ್ನತ್ತ ಬೆರಳು ತೋರಿಸುತ್ತಾರೆ. "ಮೇಡಂನ ಕೇಳಿ, ಜಾಕೆಟ್‌ನಲ್ಲಿ ಪಿಎಚ್.ಡಿ. ಆಗಿದೆ ಅವ್ರಿಗೆ" ಎಂದು ಯಾರೋ ಒಬ್ಬರು ಪ್ರತಿವರ್ಷವೂ ತಮಾಷೆ ಮಾಡುತ್ತಾರೆ. ನಾನು ಉತ್ತರ ಬರೆಯುತ್ತೇನೆ. ಹೆಸರು ನೋಡಬೇಡಿ, ಹೆಗಲು ನೋಡಿ. ಅಗ್ಗದ ಜಾಕೆಟ್ ಮೊದಲು ಸೋಲುವುದು ಹೆಗಲಲ್ಲಿ — ಅಂಗಡಿಯಲ್ಲಿ ತಿಂಗಳುಗಟ್ಟಲೆ ನೇತುಬಿದ್ದು ಒಳಗಿನ ಫೈಬರ್ ಕೆಳಕ್ಕೆ ಜಾರಿರುತ್ತದೆ. ಮೊಬೈಲ್ ಟಾರ್ಚನ್ನು ಒಳಗಿನಿಂದ ಹಿಡಿಯಿರಿ. ಬೆಳಕು ಎಲ್ಲಿ ಕಂಡಿತೋ ಚಳಿ ಅಲ್ಲಿಂದ ಬರುತ್ತದೆ. ಜಿಪ್ಪಿನ ಹಿಂದೆ ಬಟ್ಟೆಯ ಪಟ್ಟಿ ಇದೆಯೇ ಎಂದು ಮುಟ್ಟಿ ನೋಡಿ, ಇಲ್ಲದಿದ್ದರೆ ಗಾಳಿ ನೇರ ಎದೆಗೆ. ಒಂದು ಅಳತೆ ದೊಡ್ಡದೇ ಇರಲಿ, ಒಳಗೊಂದು ಸ್ವೆಟರ್ ಹಿಡಿಸಬೇಕು. ಇಷ್ಟಿದ್ದರೆ ದುಬಾರಿಯದು ಬೇಕಿಲ್ಲ.

ಜನ ಧನ್ಯವಾದ ಹೇಳುತ್ತಾರೆ. ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಒಬ್ಬರೂ ಕೇಳಿರಲಿಲ್ಲ — ಕಳೆದ ತಿಂಗಳವರೆಗೆ.

ಮುನೀರಾ ಭದ್ರಾವತಿಯವಳು. ಎಂ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿ ನಮ್ಮಿಬ್ಬರದು ಒಂದೇ ಕೋಣೆ. ಅವಳ ಅಪ್ಪನದು ಲೇತ್ ಕೆಲಸದ ಸಣ್ಣ ವರ್ಕ್‌ಶಾಪ್. ಅವಳು ಓಟಗಾರ್ತಿ. ಕೊಡಚಾದ್ರಿ ಹತ್ತುವಾಗ ನನ್ನ ಚೀಲವನ್ನೂ ಅವಳೇ ಹೊತ್ತುಕೊಂಡು, ತಿರುವಿನಲ್ಲಿ ಕಾಯುತ್ತ ನಿಂತು, "ಬಾ ಮಾರಾಯ್ತಿ, ಬೆಟ್ಟ ಇನ್ನೂ ಬೆಳೆಯೋಕೆ ಮುಂಚೆ ಬಾ" ಎಂದು ಕೂಗುತ್ತಿದ್ದಳು. ಪರ್ವತಾರೋಹಣದ ತರಬೇತಿ ಮುಗಿಸಿ, ಹೆಣ್ಣುಮಕ್ಕಳ ತಂಡಗಳನ್ನು ತಾನೇ ಬೆಟ್ಟಕ್ಕೆ ಕರೆದೊಯ್ಯಬೇಕೆಂಬುದು ಅವಳ ಆಸೆ. ಮನೆಯಲ್ಲಿ ಒಂದು ಒಪ್ಪಂದ ಮಾಡಿಕೊಂಡಿದ್ದಳು. "ಒಂದ್ಸಲ ಹಿಮದ ಬೆಟ್ಟ ಹತ್ತಿ ಬರ್ತೀನಿ. ಮೈ ತಡ್ಕೊಂಡ್ರೆ ಕೋರ್ಸ್‌ಗೆ ಹಾಕ್ತೀನಿ, ಇಲ್ಲಾಂದ್ರೆ ಬಿ.ಎಡ್. — ಅಬ್ಬಾಗೆ ಮಾತು ಕೊಟ್ಟಿದೀನಿ."

ಅಂದರೆ ಆ ಚಾರಣ ಅವಳಿಗೆ ಪರೀಕ್ಷೆಯಾಗಿತ್ತು. ಇದು ನನಗೆ ಗೊತ್ತಿತ್ತು.

ನನ್ನದು ಬೇರೆ ಕಥೆ. ಚಿಕ್ಕಂದಿನಲ್ಲಿ ಉಬ್ಬಸವಿತ್ತು. ಶಾಲೆಯ ಪ್ರವಾಸಗಳಿಗೆ ನಾನು ಹೋಗಲಿಲ್ಲ. ಮನೆಗೆ ಬಂದವರ ಮುಂದೆ ಅಮ್ಮ, "ಇವಳದು ಸೂಕ್ಷ್ಮ ಮೈ" ಎನ್ನುತ್ತಿದ್ದರು. ಹೈಸ್ಕೂಲು ಮುಗಿಯುವಷ್ಟರಲ್ಲಿ ಉಬ್ಬಸ ಹೋಯಿತು. ಆ ಮಾತು ಹೋಗಲಿಲ್ಲ. ನಾನೂ ಮುನೀರಾಳ ಜೊತೆ ಹೋಗುತ್ತೇನೆಂದಾಗ ಅಮ್ಮ ಒಂದೇ ಷರತ್ತು ಹಾಕಿದರು: "ಜಾಕೆಟ್ ಚಳಿ ತಡೆಯುತ್ತೆ ಅಂತ ಮೊದ್ಲು ಖಾತ್ರಿ ಮಾಡ್ಕೊಂಡು ಬಾ. ಆಮೇಲೆ ಮಾತಾಡೋಣ."

ಗಾಂಧಿ ಬಜಾರಿನ ಪಕ್ಕದ ಓಣಿಯಲ್ಲಿ, ಎಲ್ಲಿಂದಲೋ ಉಳಿದ ಮಾಲು ತಂದು ಮಾರುವ ಅಂಗಡಿಯಲ್ಲಿ, ನಮ್ಮ ಕೈಗೆಟುಕುವಂಥವು ಎರಡೇ ಸಿಕ್ಕವು. ಎರಡನ್ನೂ ಕೊಂಡೆವು. ಆದರೆ ಖಾತ್ರಿ ಮಾಡಿಕೊಳ್ಳುವುದು ಹೇಗೆ? ನಮ್ಮೂರಿನ ಚಳಿಗೆ ಒಂದು ಶಾಲು ಹೆಚ್ಚು. ಉಪಾಯ ಹೊಳೆದದ್ದು ಮುನೀರಾಳಿಗೆ. ಅವಳ ಸೋದರಮಾವ ಭದ್ರಾವತಿಯಲ್ಲಿ ಐಸ್‌ಕ್ರೀಮ್ ವ್ಯಾನ್ ಓಡಿಸುತ್ತಿದ್ದರು. ಡಬ್ಬಗಳನ್ನು ತುಂಬಿಡುವ ಶೀತಲ ಕೋಣೆಯ ಕೀಲಿ ಅವರ ಬಳಿಯೇ ಇರುತ್ತಿತ್ತು.

ಮಟಮಟ ಮಧ್ಯಾಹ್ನ, ಬಿಸಿಲಲ್ಲಿ ಜಾಕೆಟ್ ತೊಟ್ಟು ನಿಂತ ನಮ್ಮನ್ನು ನೋಡಿ ಆ ಮಾಮು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೋಗ್ರಮ್ಮ, ಹಿಮಾಲಯ ಒಳಗಿದೆ. ಡಬ್ಬದ ಮೇಲೆ ಮಾತ್ರ ಕೂರ್‌ಬೇಡಿ — ಮ್ಯಾಂಗೋ ಕರಗಿದ್ರೆ ನನ್ನ ಸಂಬಳಾನೂ ಕರಗುತ್ತೆ. ಕುಲ್ಫಿ ಆಗೋಕೆ ಮುಂಚೆ ಬಾಗ್ಲು ತಟ್ಟಿ!"

ದಪ್ಪ ಬಾಗಿಲು ಮುಚ್ಚಿತು. ಮುನೀರಾ ಕೈಗಳನ್ನು ಚಾಚಿ ಒಂದು ಸುತ್ತು ತಿರುಗಿದಳು. "ಅರೆ, ಏನೂ ಆಗ್ತಿಲ್ವಲ್ಲೇ! ರಜಾಯಿ ಹೊದ್ಕೊಂಡಂಗಿದೆ."

ನನಗೆ ಮೊದಲು ಹೆಗಲಿನಲ್ಲಿ ತಿಳಿಯಿತು. ಯಾರೋ ಹಿಂದಿನಿಂದ ಬಂದು ಎರಡೂ ಹೆಗಲ ಮೇಲೆ ಒದ್ದೆ ಕೈ ಇಟ್ಟ ಹಾಗೆ. ಆಮೇಲೆ ಜಿಪ್ಪಿನ ಉದ್ದಕ್ಕೂ, ಗಂಟಲಿನಿಂದ ಹೊಟ್ಟೆಯವರೆಗೆ, ಒಂದು ತಣ್ಣನೆಯ ಗೆರೆ. ಹಲ್ಲು ಕಚ್ಚಿ ಹಿಡಿದೆ. ಅವಳು ಕೇಳಿದಳು, "ನಿಂಗೆ?"

"ನಂದೂ ಅಷ್ಟೇ ಬೆಚ್ಚಗಿದೆ."

ಇದೇ ಆ ಮಾತು. ಇಷ್ಟೇ.

ನಿಜ ಹೇಳಬಹುದಿತ್ತು. ಅಂಗಡಿಗೆ ವಾಪಸು ಕೊಡಬಹುದಿತ್ತು. ಬೆಟ್ಟದ ಬುಡದ ಊರಿನಲ್ಲಿ ಜಾಕೆಟ್ ಬಾಡಿಗೆಗೆ ಸಿಗುತ್ತದೆಂದೂ ಓದಿ ತಿಳಿದಿದ್ದೆ. ಆದರೆ ನನಗೆ ಚಳಿಯಾಯಿತು ಎಂದರೆ ಯಾರೂ ಜಾಕೆಟ್ಟನ್ನು ದೂರುವುದಿಲ್ಲ ಎನಿಸಿತು. ಅಮ್ಮ, ನೆಂಟರು, ಮುನೀರಾ ಕೂಡ — ನೋಡಿದ್ಯಾ, ಇವಳ ಮೈಯೇ ಹಾಗೆ ಎನ್ನುತ್ತಾರೆ. ಆ ಮಾತನ್ನು ಇನ್ನೊಮ್ಮೆ ಕೇಳುವ ಶಕ್ತಿ ನನ್ನಲ್ಲಿರಲಿಲ್ಲ. ಹಾಗಾಗಿ — ಅದನ್ನು ಅವಳ ಪಾಲಿಗೆ ದಾಟಿಸಿದೆ.

ಹೊರಗೆ ಬಂದು ಸೆಕೆಗೆ ಇಬ್ಬರೂ ಜಾಕೆಟ್ ಕಳಚಿ ವ್ಯಾನಿನ ಸೀಟಿನ ಮೇಲೆ ಎಸೆದೆವು. ಮಾಮು ಕೋನ್ ಐಸ್‌ಕ್ರೀಮ್ ಕೊಟ್ಟರು. ಅವಳ ಜಾಕೆಟ್ ಬಿದ್ದ ಜಾಗದಿಂದ ನಾನು ಕಣ್ಣು ತೆಗೆದಿರಲಿಲ್ಲ. ಹೊರಡುವಾಗ ಮೊದಲು ಕೈ ಚಾಚಿದವಳೂ ನಾನೇ. ಅವಳಿಗೆ ತಡೆಯುತ್ತದೆ, ಅವಳು ಗಟ್ಟಿ — ಎಂದುಕೊಂಡೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಒಳಗಿನಿಂದ ಟಾರ್ಚ್ ಹಿಡಿದು ನೋಡಿದೆ. ಹೆಗಲು ಕಪ್ಪಗೇ ಇತ್ತು, ಎಲ್ಲೂ ಬೆಳಕಿಲ್ಲ. ಸರಿಯಾದದ್ದನ್ನೇ ಎತ್ತಿಕೊಂಡಿದ್ದೆ.

ಬೆಟ್ಟದ ಬಗ್ಗೆ ಹೆಚ್ಚು ಹೇಳಲಾರೆ. ಶಿಖರಕ್ಕೆ ಹೋಗುವ ಕಡಿದಾದ ಏರಿನಲ್ಲಿ, ಬಿಸಿಲು ಬಿದ್ದ ಮೇಲೆ ಗಾಳಿ ಎದ್ದಿತು. ಎಂದೂ ಬಾಯಿ ಮುಚ್ಚದ ಮುನೀರಾ ಸುಮ್ಮನಾದಳು. ಆಮೇಲೆ ಅವಳ ಬೆರಳುಗಳಿಗೆ ಚೀಲದ ಕೊಂಡಿ ಹಾಕಲಾಗಲಿಲ್ಲ. ತುಟಿ ಬೂದಿಬಣ್ಣಕ್ಕೆ ತಿರುಗಿತ್ತು. ಮಾರ್ಗದರ್ಶಿ ಬಿಸಿನೀರು ಕುಡಿಸಿ, ಇವರು ಇಳಿಯಲೇಬೇಕು ಎಂದ. ಅವಳು ನನ್ನನ್ನು ನೋಡಿದಳು. "ನೀ ಹೋಗು. ನಿಂಗೇನೂ ಆಗಿಲ್ವಲ್ಲ... ಒಳ್ಳೇದಾಯ್ತು." ಆ ಹೊತ್ತಿಗೆ ನನಗೆ ಒಳಗೆ ಬೆವರುತ್ತಿತ್ತು. ಅಲ್ಲೇ ಕಳಚಿ ಕೊಡಬಹುದಿತ್ತು. "ಹುಷಾರು" ಎಂದೆ. ಹತ್ತಿದೆ.

ಶಿಖರದ ಮೇಲಿನ ನನ್ನ ಫೋಟೋ ಮೊನ್ನೆಯವರೆಗೂ ನಮ್ಮ ಮನೆಯ ಹಾಲಿನಲ್ಲಿ ತೂಗುತ್ತಿತ್ತು. "ಸೂಕ್ಷ್ಮ ಮೈ ಅಂತಿದ್ವಲ್ಲ, ನೋಡಿ ಈಗ!" ಎಂದು ಅಮ್ಮ ಬಂದವರಿಗೆಲ್ಲ ತೋರಿಸುತ್ತಿದ್ದರು.

ಮುನೀರಾ ತರಬೇತಿಗೆ ಅರ್ಜಿ ಹಾಕಲಿಲ್ಲ. ಹಿಂತಿರುಗುವ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ನಕ್ಕಳು. "ನಮ್ಮದು ಫ್ಯಾಕ್ಟರಿ ಊರಿನ ಮೈ ಮಾರಾಯ್ತಿ. ಕುಲುಮೆ ತಡ್ಕೊಳುತ್ತೆ, ಹಿಮ ತಡ್ಕೊಳಲ್ಲ." ಬಿ.ಎಡ್. ಮಾಡಿದಳು. ಈಗ ಭದ್ರಾವತಿಯಲ್ಲೇ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ. ಆ ಜಾಕೆಟ್ ಅವಳ ಅಬ್ಬಾ ಬೆಳಗಿನ ಹೊತ್ತು ಮೊಪೆಡ್ ಓಡಿಸುವಾಗ ಹಾಕಿಕೊಳ್ಳುತ್ತಾರಂತೆ. ಬೆಟ್ಟದ ಮಾತು ಬಂದರೆ ಅವಳು ಬೇರೆ ವಿಷಯ ಎತ್ತುತ್ತಾಳೆ. ನಾನೂ ಎತ್ತಗೊಡುತ್ತಿದ್ದೆ.

ಕಳೆದ ತಿಂಗಳು ಫೋನ್ ಮಾಡಿದಳು. ಅವಳ ತಂಗಿ ಆಫ್ರೀನ್ ಕಾಲೇಜಿನ ಗೆಳತಿಯರ ಜೊತೆ ಹಿಮದ ಚಾರಣಕ್ಕೆ ಹೋಗುತ್ತೇನೆಂದು ಹಟ ಹಿಡಿದಿದ್ದಳು. "ನೀನಾದ್ರೂ ಬುದ್ಧಿ ಹೇಳು. ನಮ್ಮನೆ ಮೈಗೆ ಆಗಲ್ಲ ಕಣೇ ಅಂದ್ರೆ ಕೇಳ್ತಿಲ್ಲ. ಅರ್ಧಕ್ಕೇ ಇಳಿದು ಬಂದು, ನನ್ನ ಥರ ಮುಖ ಮಾಡ್ಕೊಂಡು ಕೂರೋದು ಯಾಕೆ ಹೇಳು?" ಸ್ವಲ್ಪ ತಡೆದು, "ಹೋಗೇ ಹೋಗ್ತೀನಿ ಅಂದ್ರೆ, ಜಾಕೆಟ್ ನೀನೇ ಆರಿಸ್ಕೊಡು" ಎಂದಳು.

ನನ್ನ ಸುಳ್ಳು ಈಗ ಆಫ್ರೀನಳ ಮೈಯ ಮೇಲೂ ಬಂದು ಕೂತಿತ್ತು.

ಭಾನುವಾರ ಅಕ್ಕತಂಗಿಯರು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದರು. ಅದೇ ಓಣಿ, ಬೇರೆ ಅಂಗಡಿ. ಆಫ್ರೀನ್ ಕೆಂಪು ಜಾಕೆಟ್ಟೊಂದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಳು.

"ಇದು ಚೆನ್ನಾಗಿದೆ ಅಲ್ವಾ ಆಪಾ?"

"ಚಂದ ನೋಡಿ ಚಳಿ ದಾರಿ ಬಿಡುತ್ತಾ?" ಎಂದಳು ಮುನೀರಾ.

ಅಂಗಡಿಯವನು ಮುಂದೆ ಬಂದ. "ಮೈನಸ್ ಹತ್ತಕ್ಕೂ ಗ್ಯಾರಂಟಿ ಮೇಡಂ. ಇಲ್ಲಿಂದ ತಗೊಂಡು ಹೋದವ್ರು ಒಬ್ರೂ ವಾಪಸ್ ಬಂದು ಬೈದಿಲ್ಲ."

"ವಾಪಸ್ ಬಂದಿದ್ರೆ ತಾನೇ ಬೈಯೋದು!" ಎಂದಳು ಮುನೀರಾ.

ಮೂವರೂ ನಕ್ಕರು. ನಾನು ಕೆಂಪು ಜಾಕೆಟ್ಟನ್ನು ಕೈಗೆ ತೆಗೆದುಕೊಂಡು ಮೊಬೈಲ್ ಟಾರ್ಚ್ ಹಾಕಿ ಒಳಗಿನಿಂದ ಹಿಡಿದೆ. ಹೆಗಲು ಲಾಂದ್ರದ ಹಾಗೆ ಬೆಳಗಿತು. "ಇದು ಬೇಡ. ಇಲ್ಲಿ ಫೈಬರ್ ಜಾರಿಹೋಗಿದೆ. ಗಾಳಿ ಎದ್ದ ತಕ್ಷಣ ಹೆಗಲಿಂದ ಚಳಿ ಶುರುವಾಗುತ್ತೆ, ಆಮೇಲೆ ಜಿಪ್ಪಿಂದ. ಕೊನೆಗೆ ಬೆರಳು ಕೆಲ್ಸ ಮಾಡಲ್ಲ."

ಮುನೀರಾ ನನ್ನ ಕೈಯನ್ನೇ ನೋಡುತ್ತಿದ್ದಳು. "ಎಷ್ಟು ಕರೆಕ್ಟಾಗಿ ಹೇಳ್ತೀಯಾ. ನಿಂಗ್ಯಾವತ್ತೂ ಹಾಗೆ ಚಳಿ ಆಗಿದ್ದೇ ಇಲ್ವಲ್ಲ — ಎಲ್ಲಿ ಕಲ್ತೆ ಇದನ್ನೆಲ್ಲ?"

ಇಂಟರ್ನೆಟ್ಟಿನಲ್ಲಿ ಎನ್ನಬಹುದಿತ್ತು. ಆ ಪದ ನಾಲಿಗೆಯ ತುದಿಯವರೆಗೂ ಬಂದಿತ್ತು.

"ನಿನ್ನ ಜಾಕೆಟ್‌ನಲ್ಲಿ" ಎಂದೆ.

ಅವಳು ನಕ್ಕಳು. ನಾನು ನಗಲಿಲ್ಲ. "ಮಾಮು ಕೋಣೇಲಿ ನಂಗೆ ಚಳಿ ಆಗಿತ್ತು, ಮುನೀರಾ. ಇಲ್ಲ ಅಂದೆ. ಹೊರಗ್ ಬಂದ್ಮೇಲೆ ನಿಂದನ್ನ ನಾನು ತಗೊಂಡೆ. ಗೊತ್ತಿದ್ದೇ ತಗೊಂಡೆ. ಬೆಟ್ಟದ್ ಮೇಲೂ ಗೊತ್ತಿತ್ತು."

ಅಂಗಡಿಯವನು ಬೇರೆ ಬಣ್ಣ ತೋರಿಸಲೇ ಎಂದು ಕೇಳಿದ. ಅವಳು ಕೂಗಾಡಬಹುದು ಎಂದುಕೊಂಡಿದ್ದೆ. ಕೂಗಾಡಿದ್ದರೆ — ಇರಲಿ. ಅವಳು, ಲೆಕ್ಕ ತಪ್ಪಿದ್ದೆಲ್ಲಿ ಎಂದು ಹುಡುಕುವ ಮಗುವಿನ ಹಾಗೆ ಕೇಳಿದಳು:

"ಹಾಗಾದ್ರೆ... ನಾನು ಹತ್ತಿಬಿಡ್ತಿದ್ದೆ?"

ಪ್ರಯೋಗಾಲಯದಲ್ಲಿ ಯಾವುದನ್ನೂ ನಾನು ಖಚಿತವಾಗಿ ಹೇಳುವುದಿಲ್ಲ. ಬಹುಶಃ ಎನ್ನುವುದು ನನ್ನ ಕೆಲಸದ ಪದ. ಆ ಅಂಗಡಿಯಲ್ಲಿ ಅದನ್ನು ಹೇಳಿದ್ದರೆ ಎರಡನೆಯ ಸುಳ್ಳಾಗುತ್ತಿತ್ತು.

"ಹೂಂ" ಎಂದೆ.

ಅವಳು ನನ್ನ ಕೈಯಿಂದ ಮೊಬೈಲ್ ತೆಗೆದುಕೊಂಡಳು. ಸಾಲಿನಲ್ಲಿದ್ದ ಜಾಕೆಟ್ಟುಗಳನ್ನು ಒಂದೊಂದಾಗಿ ಇಳಿಸಿ, ಒಳಗೆ ಬೆಳಕು ಹಿಡಿದು, ಹೆಗಲು ನೋಡಿ, ಜಿಪ್ಪಿನ ಹಿಂದೆ ಬೆರಳಾಡಿಸಿ, ತಾನೇ ಒಂದನ್ನು ಆರಿಸಿದಳು — ಬೂದುಬಣ್ಣದ್ದು, ಒಂದು ಅಳತೆ ದೊಡ್ಡದು. ಆಫ್ರೀನಳಿಗೆ ತೊಡಿಸಿ ಕುತ್ತಿಗೆಯವರೆಗೆ ಜಿಪ್ ಎಳೆದಳು. "ಹೋಗ್ ಬಾ. ನಮ್ಮನೆ ಮೈಗೆ ಏನೂ ಆಗಿಲ್ಲ" ಎಂದಳು. ಮೊಬೈಲನ್ನು ನನ್ನ ಮುಂದೆ ಕೌಂಟರಿನ ಗಾಜಿನ ಮೇಲೆ ಇಟ್ಟಳು, ಟಾರ್ಚ್ ಆರಿಸದೆಯೇ. ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದರು. ನಾನು ಹಿಂದೆ ಹೋಗಲಿಲ್ಲ.

ಆಮೇಲೆ ಫೋನ್ ಬಂದಿಲ್ಲ. ನಾನೂ ಕ್ಷಮೆ ಕೇಳಿಲ್ಲ. ಕೇಳಿದರೆ ಕೊಡಬೇಕೋ ಬೇಡವೋ ಎನ್ನುವ ಭಾರವನ್ನೂ ಅವಳ ಮೇಲೆಯೇ ಹೊರಿಸಿದಂತಾಗುತ್ತದೆ. ಹಾಲಿನ ಫೋಟೋವನ್ನು ಇಳಿಸಿದೆ. ಯಾಕೆಂದು ಅಮ್ಮ ಕೇಳಿದರು, ಅವರಿಗೂ ಹೇಳಿದೆ. ಅವರು ಗೋಡೆಯ ಮೊಳೆಯನ್ನೇ ನೋಡುತ್ತ ನಿಂತರು.

ನಾಳೆ ಭದ್ರಾವತಿಗೆ ಹೋಗುತ್ತೇನೆ. ಅವಳ ಜಾಕೆಟ್ ನನ್ನ ಬೀರುವಿನಲ್ಲಿದೆ, ಅದು ಅವಳ ಮನೆ ಸೇರಬೇಕು. ಬಾಗಿಲು ತೆಗೆಯದಿದ್ದರೆ ಮಾಮು ಕೈಗೆ ಕೊಟ್ಟು ಬರುತ್ತೇನೆ. ಈಗ ಅದರಿಂದ ಏನು ಪ್ರಯೋಜನವೆಂದು ನನಗೆ ತಿಳಿಯದು. ಒಗೆದು, ನೆರಳಿನಲ್ಲಿ ಒಣಗಿಸಿ, ಮಡಿಸುವ ಮೊದಲು ಅಭ್ಯಾಸದಂತೆ ಒಳಗೆ ಟಾರ್ಚ್ ಹಿಡಿದೆ. ಹೆಗಲು, ಬೆನ್ನು, ಎದೆ — ಒಂದು ಜಾಗವನ್ನೂ ಬಿಡದೆ ನೋಡಿದೆ.

ಆರು ವರ್ಷ ಕಳೆದರೂ ಎಲ್ಲೂ ಬೆಳಕು ಕಾಣಲಿಲ್ಲ.