ಮಂಡಕಳ್ಳಿ ತಿರುವಿನಲ್ಲಿ ಕಚ್ಚಿಕೊಂಡ ಚೈನು

ಹೋದ ವರ್ಷ ದಸರಾ ಮುಗಿದ ಮೊದಲ ಭಾನುವಾರ. ಜಂಬೂಸವಾರಿ ನೋಡೋಕೆ ಬಂದಿದ್ದ ನೆಂಟರೆಲ್ಲ ಊರಿಗೆ ಹೋಗಿ, ಬೊಂಬೆಗಳನ್ನು ಇಳಿಸಿ ಪೆಟ್ಟಿಗೆಗೆ ತುಂಬಿ, ಉಸ್ಸಪ್ಪಾ ಅಂತ ಕೂರಬೇಕಾದ ಹೊತ್ತಿನಲ್ಲಿ ನಾನು ಟ್ರಯಥ್ಲಾನ್‌ಗೆ ಹೋಗಿದ್ದೆ. ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಮೊದಲು ಈಜಬೇಕು, ಒದ್ದೆ ಮೈಯಲ್ಲೇ ಸೈಕಲ್ ಹತ್ತಬೇಕು, ಸೈಕಲ್ ಇಳಿದ ಮೇಲೆ ಓಡಬೇಕು. ನಡುವೆ ಕಾಫಿಗೆ ಬಿಡುವಿಲ್ಲ. ನಲವತ್ತಾರು ವರ್ಷದ ಬ್ಯಾಂಕ್ ಗುಮಾಸ್ತೆಗೆ ಇದೆಲ್ಲ ಯಾಕೆ ಬೇಕಿತ್ತು ಅಂತ ನೀವು ಕೇಳೋದು ಬೇಡ, ಸರಸ್ವತಿಪುರಂನ ನಮ್ಮ ಬೀದಿ ಪೂರ್ತಿ ಕೇಳಿ ಆಗಿದೆ.

ಅದರ ಹಿಂದಿನ ವರ್ಷವೂ ಹೋಗಿದ್ದೆ. ಸೈಕಲ್ ಹಂತವನ್ನು ಇಷ್ಟು ಹೊತ್ತಿನೊಳಗೆ ಮುಗಿಸಬೇಕು ಅಂತ ಗಡುವು ಇರುತ್ತೆ. ಮೀರಿದರೆ ಓಡೋಕೆ ಬಿಡುವುದಿಲ್ಲ, ವ್ಯಾನ್ ಹತ್ತಿಸಿ ಕರಕೊಂಡು ಬಂದುಬಿಡ್ತಾರೆ. ನನ್ನನ್ನೂ ಹಾಗೇ ತಂದು ಇಳಿಸಿದರು. ನಮ್ಮ ಯಜಮಾನರಿಗೆ ಅದು ಒಳ್ಳೆ ಕಥೆಯಾಯಿತು. ಮದುವೆ, ಮುಂಜಿ, ಗೃಹಪ್ರವೇಶ, ಎಲ್ಲಿ ನಾಲ್ಕು ಜನ ಸೇರಿದರೂ "ನಮ್ಮವಳು ಹೋಗಿದ್ದು ಸೈಕಲ್ಲಲ್ಲಿ, ಬಂದಿದ್ದು ವ್ಯಾನಲ್ಲಿ" ಅಂತ ಶುರು. ಎಲ್ಲರೂ ನಗೋರು, ನಾನೂ ಹಲ್ಲು ಕಿರಿಯುತ್ತಿದ್ದೆ. ಒಳಗೆ ಹೊಟ್ಟೆ ಉರಿಯುತ್ತಿತ್ತು. ಈ ಸಲವೂ ವ್ಯಾನ್ ಹತ್ತೋ ಹಾಗಾದರೆ ಸೈಕಲ್ ಮಾರಿ ಈ ಹುಚ್ಚನ್ನೇ ಬಿಟ್ಟುಬಿಡೋದು ಅಂತ ತೀರ್ಮಾನ ಮಾಡಿಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ.

ಇನ್ನು ನಮ್ಮ ಅತ್ತೆಯ ವಿಷಯ. ಎಪ್ಪತ್ತು ದಾಟಿದವರು. ಆಯುಧಪೂಜೆ ಬಂದರೆ ಮನೆಯಲ್ಲಿ ಕಬ್ಬಿಣ ಅನ್ನೋದು ಯಾವುದೂ ಅವರ ಕೈಯಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಈಳಿಗೆಮಣೆ, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಎಲ್ಲಕ್ಕೂ ಅರಿಶಿನ ಕುಂಕುಮ. ನನ್ನ ಸೈಕಲ್‌ಗೆ ಸೇವಂತಿಗೆ ಹಾರ, ಚೈನಿಗೆ ಗಂಧ, ಹ್ಯಾಂಡಲ್‌ಗೆ ಅರಿಶಿನದ ದಾರ. ಗಂಧ ಒಣಗಿ ಚೈನು ಕರಕರ ಅನ್ನೋಕೆ ಶುರುವಾಯಿತು. ಅದನ್ನೆಲ್ಲ ಬ್ರಷ್ಷಿನಲ್ಲಿ ಉಜ್ಜಿ ತೆಗೆಯುವಷ್ಟರಲ್ಲಿ ನನಗೆ ಸಾಕುಸಾಕಾಗಿ, ಅದೇ ಕೋಪದಲ್ಲಿ ದಾರವನ್ನೂ ಕತ್ತರಿಸಿ ಹಾಕಿದೆ.

"ಅತ್ತೆ, ಇದು ರೇಸ್ ಸೈಕಲ್ಲು. ಭಾನುವಾರದವರೆಗೆ ದಯವಿಟ್ಟು ಇದರ ಹತ್ತಿರ ಬರಬೇಡಿ" ಅಂದೆ.

ಅವರು ಜಗಳಕ್ಕೆ ಬರಲಿಲ್ಲ. "ಯಾವ ರಸ್ತೇಲಿ ಹೋಗ್ತೀಯೇ?" ಅಂತ ಕೇಳಿದರು.

"ನಂಜನಗೂಡು ರಸ್ತೆ, ಮಂಡಕಳ್ಳಿ ಕಡೆಗೆ."

"ಹ್ಞೂಂ" ಅಂದು ಒಳಗೆ ಹೋದರು. ಆ ರಸ್ತೆ ಅಂದರೆ ಅವರಿಗೆ ಆಗುವುದಿಲ್ಲ. ನಮ್ಮ ಮಾವನವರು ಸ್ಕೂಟರ್ ಅಪಘಾತದಲ್ಲಿ ತೀರಿಕೊಂಡಿದ್ದು ಅದೇ ರಸ್ತೆಯಲ್ಲಿ, ನಾನು ಈ ಮನೆಗೆ ಸೊಸೆಯಾಗಿ ಬರೋಕೆ ಮುಂಚೆ.

ಭಾನುವಾರ ಈಜು ಚೆನ್ನಾಗೇ ಆಯಿತು. ಸೈಕಲ್ ಹತ್ತಿ ಊರು ದಾಟುವವರೆಗೂ ನನಗಿಂತ ಹಿಂದೆ ಒಂದಷ್ಟು ಜನ ಇದ್ದರು, ಅದೇ ನನಗೆ ಹಬ್ಬ. ಆಮೇಲೆ ಹಿಂದಿನ ಗಾಲಿಯ ಹತ್ತಿರ ಏನೋ ಟಿಕ್ ಟಿಕ್ ಅನ್ನತೊಡಗಿತು. ಗೇರ್ ಬದಲಿಸಿದೆ, ಬದಲಾಗಲಿಲ್ಲ. ಭಾರದ ಗೇರಿನಲ್ಲೇ ಕಚ್ಚಿಕೊಂಡು ಕೂತಿತ್ತು. ಎದುರುಗಾಳಿ ಬೇರೆ. ಹಿಂದಿದ್ದವರೆಲ್ಲ ಒಬ್ಬೊಬ್ಬರಾಗಿ "ಕಮಾನ್ ಮ್ಯಾಡಮ್" ಅಂತ ಹುರಿದುಂಬಿಸಿಕೊಂಡು ಮುಂದಕ್ಕೆ ಹೋದರು. ಮಂಡಕಳ್ಳಿ ತಿರುವಿಗೆ ಬರುವಷ್ಟರಲ್ಲಿ ಪೆಡಲ್ ತಿರುಗೋದೇ ನಿಂತುಹೋಯಿತು. ಇಳಿದು ಸೈಕಲ್ಲನ್ನು ರಸ್ತೆ ಬದಿಯಲ್ಲಿ ತಲೆಕೆಳಗಾಗಿ ನಿಲ್ಲಿಸಿದೆ.

ಇಲ್ಲೊಂದು ನಿಯಮ ಹೇಳಬೇಕು. ಸೈಕಲ್ ಕೆಟ್ಟರೆ ನಾವೇ ಸರಿಮಾಡಿಕೊಳ್ಳಬೇಕು. ದಾರೀಲಿ ಹೋಗೋರು ಕೈ ಹಚ್ಚಿದರೆ ಪಂದ್ಯದಿಂದ ಔಟ್. ತಿರುವಿನಲ್ಲಿ ಪಂದ್ಯದ ಕಡೆಯವರೊಬ್ಬರು ಬಾವುಟ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದರು. ಆದರೆ ಮೈಸೂರಿನಲ್ಲಿ ಹೆಂಗಸೊಬ್ಬಳು ರಸ್ತೆ ಬದಿ ವಾಹನ ಕೆಟ್ಟು ನಿಂತರೆ ಜನ ಸುಮ್ಮನೆ ಹೋಗ್ತಾರಾ?

ಮೊದಲು ಒಂದು ಸ್ಕೂಟರ್ ನಿಂತಿತು. ನಂಜನಗೂಡಿನ ದೇವಸ್ಥಾನದಿಂದ ವಾಪಸ್ ಬರುತ್ತಿದ್ದ ವಯಸ್ಸಾದವರೊಬ್ಬರು, ಹಿಂದೆ ಅವರ ಹೆಂಡತಿ, ಇಬ್ಬರ ಹಣೆಯಲ್ಲೂ ವಿಭೂತಿ.

"ಏನಾಯ್ತಮ್ಮಾ, ಚೈನು ಕಚ್ಕೊಂಡಿದ್ಯಾ? ಸರೀರಿ, ನಾನು ನೋಡ್ತೀನಿ" ಅಂತ ಪಂಚೆ ಎತ್ತಿ ಕಟ್ಟಿದರು.

"ಬೇಡಿ ಸಾರ್. ದಯವಿಟ್ಟು ಮುಟ್ಟಬೇಡಿ."

"ಯಾಕಮ್ಮಾ, ಕೈ ಕೊಳೆಯಾದ್ರೆ ತೊಳ್ಕೋತೀನಿ."

"ಹಾಗಲ್ಲ ಸಾರ್. ಇದು ಪಂದ್ಯ. ಯಾರೂ ಸಹಾಯ ಮಾಡಬಾರದು ಅಂತ ರೂಲ್ಸು."

ಅವರಿಗೆ ನಿಜವಾಗಿ ಬೇಜಾರಾಯಿತು. "ಕಷ್ಟದಲ್ಲಿರೋರಿಗೆ ಸಹಾಯ ಮಾಡಬಾರದು ಅಂತ ರೂಲ್ಸು ಮಾಡಿದ ಪುಣ್ಯಾತ್ಮ ಯಾರಮ್ಮ ಅವನು?"

ಅಷ್ಟರಲ್ಲಿ ಒಂದು ಲಗೇಜ್ ಆಟೋ ಬಂದು ನಿಂತಿತು. "ಅಕ್ಕ, ಸೈಕಲ್ ಹಿಂದಕ್ಕೆ ಹಾಕ್ಬುಡಿ, ನೀವೂ ಹತ್ಬುಡಿ. ಊರೊಳಗೆ ಇಳಿಸ್ಬುಡ್ತೀನಿ. ಯಾರು ನೋಡ್ತಾರೆ?" ಅಂದ ಡ್ರೈವರ್ರು. ಹಿಂದಿನ ಸಲ ವ್ಯಾನು, ಈ ಸಲ ಲಗೇಜ್ ಆಟೋ. ನಮ್ಮ ಯಜಮಾನರ ಕಥೆ ಇನ್ನೂ ಸೊಗಸಾಗುತ್ತೆ ಅಂತ ನೆನೆಸಿಕೊಂಡೇ ಮೈಯೆಲ್ಲ ಉರಿದುಹೋಯಿತು. ಕೈ ಮುಗಿದು ಬೇಡ ಅಂದೆ. ಡ್ರೈವರ್ರೂ ಹೋಗದೆ ಇಳಿದು ನಿಂತ. ಬಾವುಟದವರು ನಾಲ್ಕು ಹೆಜ್ಜೆ ಹತ್ತಿರ ಬಂದಿದ್ದರು.

ಬಗ್ಗಿ ನೋಡಿದೆ. ಗೇರಿನ ಕೆಳಗೆ ಚೈನು ಸುತ್ತಿ ಬರುವ ಪುಟ್ಟ ಗಾಲಿ ಇರುತ್ತಲ್ಲ, ಅದರ ಅಚ್ಚಿಗೆ ಏನೋ ದಪ್ಪಗೆ ಬಿಗಿದುಕೊಂಡಿತ್ತು. ಗ್ರೀಸಿನ ಕಪ್ಪಿನ ನಡುವೆ ಹಳದಿ. ಅರಿಶಿನದ ದಾರ. ಕತ್ತರಿಸಿ ಎಸೆದ ದಾರ ಇಲ್ಲಿಗೆ ಹೇಗೆ ಬಂತು? ಅದು ಹೊಸ ದಾರ, ಅತ್ತೆಯ ಕೆಲಸ ಅಂತ ಹೊಳೆದಾಗ ಬಂದ ಸಿಟ್ಟನ್ನು ಬರೆಯೋಕೆ ಆಗುವುದಿಲ್ಲ.

ನನ್ನ ಹತ್ತಿರ ಚಾಕು ಇರಲಿಲ್ಲ, ಕತ್ತರಿ ಇರಲಿಲ್ಲ. ತಾಳಿ ಸರದಲ್ಲಿ ಪಿನ್ನು ಇತ್ತು. ಈಜೋಕೆ ಹೋಗುವಾಗಲೂ ಪಿನ್ನು ಸಿಕ್ಕಿಸಿಕೊಂಡು ಬರ್ತೀಯಲ್ಲೇ ಅಂತ ಜೊತೆಯವರು ನಗುತ್ತಿದ್ದರು. ಅದನ್ನೇ ಬಿಚ್ಚಿ, ದಾರವನ್ನು ಎಳೆ ಎಳೆಯಾಗಿ ಮೀಟತೊಡಗಿದೆ.

ಸ್ಕೂಟರಿನ ಅಮ್ಮನವರು ಕತ್ತು ಚಾಚಿ ನೋಡಿದರು. "ಅಯ್ಯೋ, ಅರಿಶಿನದ ದಾರ ಕಣ್ರೀ. ಕಿತ್ತು ಹಾಕಬೇಡಮ್ಮ, ಒಳ್ಳೇದಲ್ಲ. ಗಂಟು ಹುಡುಕಿ ಬಿಚ್ಚು."

"ಗಂಟು ಎಲ್ಲಿದೆ ಅಂತ ಕಟ್ಟಿದವರನ್ನೇ ಕೇಳಬೇಕಮ್ಮ" ಅಂದೆ. ನನ್ನ ಧ್ವನಿ ಜೋರಾಗಿಯೇ ಇತ್ತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಮುಟ್ಟಬಾರದಲ್ಲ, ಅದಕ್ಕೆ ಮೂವರೂ ಸುತ್ತ ನಿಂತು ಬಾಯಲ್ಲೇ ಸಹಾಯ ಮಾಡಿದರು. ಎಡಕ್ಕೆಳಿ, ಬಲಕ್ಕೆಳಿ, ನಿಧಾನ, ಬೇಗ. ಕೊನೆಗೆ ಹಲ್ಲಿನಲ್ಲಿ ಕಚ್ಚಿ ಎಳೆದೆ. ಬಾಯಿ ತುಂಬ ಗ್ರೀಸು, ದಾರ ಕೈಗೆ ಬಂತು, ಗಾಲಿ ಗಿರ್ರನೆ ತಿರುಗಿತು. ದಾರವನ್ನು ಜೇಬಿಗೆ ತುರುಕಿಕೊಂಡೆ. ಅತ್ತೆಗೆ ತೋರಿಸಿ ಸರಿಯಾಗಿ ಕೇಳಬೇಕಿತ್ತಲ್ಲ.

ಅಲ್ಲಿಂದ ಊರವರೆಗೂ ತುಳಿದೆ ನೋಡಿ, ಕಾಲಿನಲ್ಲಿ ಇದ್ದದ್ದು ಶಕ್ತಿಯಲ್ಲ, ಬರೀ ಸಿಟ್ಟು. ಗಡುವು ಮುಗಿಯುತ್ತಿದೆ ಅಂತ ಮೈಕಿನಲ್ಲಿ ಕೂಗುತ್ತಿದ್ದ ಹಾಗೇ ಗೆರೆ ದಾಟಿದೆ. ಆಮೇಲೆ ಓಡಿದ್ದನ್ನು ಓಟ ಅಂದರೆ ಓಟಕ್ಕೆ ಅವಮಾನ. ಆದರೂ ಮುಗಿಸಿದೆ, ಎಲ್ಲರಿಗಿಂತ ಕೊನೆಯವಳಾಗಿ.

ನಮ್ಮ ಯಜಮಾನರು ವ್ಯಾನ್ ಬರುವ ಕಡೆಗೇ ಮುಖ ಮಾಡಿ ನಿಂತಿದ್ದರು. ನಾನು ಓಡಿಕೊಂಡು ಬಂದಿದ್ದನ್ನು ಮೊದಲು ಕಂಡವರು ಅತ್ತೆ. ಹಿಂದಿನ ವರ್ಷ ಅವರು ಬಂದೇ ಇರಲಿಲ್ಲ. ಈ ಸಲ ಬೆಳಿಗ್ಗೆಯಿಂದ ಕುರ್ಚಿ ಕೊಟ್ಟರೂ ಕೂರದೆ ಬಿಸಿಲಲ್ಲೇ ನಿಂತಿದ್ದರಂತೆ. ನಾನು ಉಸಿರು ತಿರುಗಿಸಿಕೊಂಡು ನೇರ ಅವರ ಹತ್ತಿರ ಹೋದೆ.

"ಅತ್ತೆ, ಆ ದಾರ ಯಾವಾಗ ಕಟ್ಟಿದ್ರಿ?"

"ನಿನ್ನೆ ಸಂಜೆ ಕಣೇ. ಹ್ಯಾಂಡಲ್‌ಗೆ ಕಟ್ಟಿದ್ರೆ ಮತ್ತೆ ಕತ್ತರಿಸ್ತೀಯ. ಅದಕ್ಕೆ ನಿನ್ನ ಕಣ್ಣಿಗೆ ಬೀಳಬಾರದು ಅಂತ ಒಳಗೆ, ಆ ಪುಟಾಣಿ ಗಾಲಿ ಸಂದೀಲಿ ಕಟ್ಟಿದೆ."

"ಅದರಿಂದ ಏನಾಯ್ತು ಗೊತ್ತಾ ನಿಮಗೆ?"

"ಏನಾಯ್ತು? ಸುಖವಾಗಿ ಬಂದ್ಯಲ್ಲ. ಅದಕ್ಕೇ ಅಲ್ವೇನೇ ಕಟ್ಟಿದ್ದು."

ಜೇಬಿನಿಂದ ದಾರ ತೆಗೆದು ಅವರ ಮುಂದೆ ಹಿಡಿದೆ. ಎಳೆಯೆಲ್ಲ ಬಿಟ್ಟು ಕಪ್ಪಗಾಗಿತ್ತು. ಅವರು ಅದನ್ನು ತೆಗೆದುಕೊಂಡು ಸೆರಗಿನಲ್ಲಿ ಗಂಟು ಹಾಕಿಕೊಂಡರು.

"ನಿಮ್ಮ ಮಾವನೂ ನಿನ್ನ ಹಾಗೇ" ಅಂದರು. "ಆ ವರ್ಷ ಸ್ಕೂಟರ್‌ಗೆ ಕಟ್ಟಿದ್ದೆ. ಆಫೀಸಲ್ಲಿ ನಗ್ತಾರೆ ಅಂತ ಬಿಚ್ಚಿ ನನ್ನ ಕೈಗೇ ಕೊಟ್ಟು ಹೋದ್ರು."

ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಬಂದಿದ್ದವಳು ಗ್ರೀಸಿನ ಕೈಯಲ್ಲೇ ಅವರ ಕೈ ಹಿಡಿದುಕೊಂಡು ನಿಂತೆ.

ಸೈಕಲ್ ಮಾರಲಿಲ್ಲ. ನಾನು ಪಂದ್ಯ ಮುಗಿಸಿದ್ದು ದಾರದಿಂದಲೇ ಅಂತ ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ, ಅವರ ಜೊತೆ ವಾದ ಮಾಡಿ ಗೆಲ್ಲೋ ಆಸೆ ನನಗಿಲ್ಲ. ಕಟ್ಟೋದಾದರೆ ಹ್ಯಾಂಡಲ್‌ಗೆ ಕಟ್ಟಿ, ಬಿಚ್ಚುವುದಿಲ್ಲ ಅಂತ ಮಾತು ಕೊಟ್ಟಿದ್ದೀನಿ. ಆದರೂ ಹೊರಡೋ ಮುಂಚೆ ಗೇರಿನ ಸಂದಿಗೆ ಟಾರ್ಚ್ ಬಿಟ್ಟು ನೋಡ್ತೀನಿ. ಅತ್ತೆ ಬಾಗಿಲಲ್ಲಿ ನಿಂತು "ಅಲ್ಲೇನೂ ಇಲ್ಲ ಕಣೇ, ಹೋಗ್ಬಾ" ಅಂತಾರೆ. ನಾನು ನಂಬುವುದಿಲ್ಲ. ಆದರೆ ಹ್ಯಾಂಡಲ್‌ನ ದಾರ ಬಿಗಿಯಾಗಿದೆಯಾ ಅಂತ ಒಂದು ಸಲ ಮುಟ್ಟಿ ನೋಡಿಕೊಂಡೇ ಪೆಡಲ್ ತುಳೀತೀನಿ.