ಬೀಗ ಹಾಕಿದ ಪೆಟ್ಟಿಗೆಯೊಳಗಿನ ಸ್ವಿಚ್ಚು

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಯಾರಾದರೂ ಶುರು ಮಾಡಿದರೆ ಸಾಕು, "ಆವತ್ತು ಹೊಟ್ಟೆಗೆ ಏನು ಹಾಕಿಕೊಂಡಿದ್ರಿ?" ಅಂತ ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನಂಬಿ ಅಂತ ಗೋಗರೆಯುವುದಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಆಗ ನಾವು ಬೆಸೆಂಟ್ ನಗರದ ಒಂದು ಹಳೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ನಾನು ವಿಮಾ ಕಚೇರಿ ನೌಕರ. ಅಮ್ಮನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಕೀಲ್ಪಾಕ್‌ನ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಒಯ್ಯಬೇಕು. ಆಟೋದವರ ಜೊತೆ ಜಗಳವಾಡಿ ಸಾಕಾಗಿ, ಒಬ್ಬರು ಓಡಿಸಿ ಬಿಟ್ಟಿದ್ದ ಪುಟ್ಟ ಎಲೆಕ್ಟ್ರಿಕ್ ಕಾರು ಕೊಂಡೆ. ಮೆಟ್ಟಿಲ ಕೆಳಗಿನ ಹದಿನೈದು ಆಂಪಿಯರ್ ಪಾಯಿಂಟಿಗೆ ಚುಚ್ಚಿದರೆ ಚಾರ್ಜ್ ಆಗುತ್ತಿತ್ತು.

ಆಗುತ್ತಿತ್ತು ಅನ್ನುವುದೂ ಅರ್ಧ ಸುಳ್ಳು. ಒಂದು ದಿನ ಪೂರ್ತಿ ತುಂಬುತ್ತಿತ್ತು, ಇನ್ನೊಂದು ದಿನ ಹಾಕಿದ ಹಾಗೇ ಇರುತ್ತಿತ್ತು. ಮೆಕ್ಯಾನಿಕ್ ಬಂದು ಬ್ಯಾಟರಿಗೆ ನೀರು ಹಾಕಿದ, ಚಾರ್ಜರ್ ಬಿಚ್ಚಿದ, ಪ್ಲಗ್ಗಿನ ಪಿನ್ನು ಉಪ್ಪುಗಾಳಿಗೆ ಕಪ್ಪಾಗಿದೆ ಅಂತ ಉಜ್ಜಿದ. ಅವನು ನಿಂತಿದ್ದಷ್ಟು ಹೊತ್ತು ದರಿದ್ರದ್ದು ಚೆನ್ನಾಗೇ ಚಾರ್ಜ್ ಆಗುತ್ತಿತ್ತು! ಅವನು ಗೇಟು ದಾಟಿದರೆ ಮುಗಿಯಿತು. ಒಂದು ಸೋಮವಾರ ಕಾರು ಅರ್ಧ ದಾರಿಯಲ್ಲಿ ನಿಂತು ಡಯಾಲಿಸಿಸ್ ತಪ್ಪಿತು. ಮಾರನೇ ದಿನದ ಹೊತ್ತಿಗೆ ಅಮ್ಮನಿಗೆ ಮುಖ ಊದಿ, ಮೇಲುಸಿರು ಬಂತು. ಅವತ್ತೇ ನನಗೆ ತಲೆ ಕೆಟ್ಟದ್ದು.

ನನ್ನ ಅನುಮಾನ ಕೆಳಗಿನ ಮನೆಯ ರಾಯರ ಮೇಲೆ. ಮೈಸೂರಿನವರು, ರೈಲ್ವೆಯಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತರಾದವರು. ಅಷ್ಟು ದೊಡ್ಡ ತಮಿಳು ಊರಿನಲ್ಲಿ ಒಂದೇ ಮನೆಯೊಳಗೆ ಎರಡು ಕನ್ನಡ ಸಂಸಾರ, ಎಷ್ಟು ಚೆನ್ನಾಗಿರಬೇಕಿತ್ತು! ನಾವೋ ಹಾವು ಮುಂಗುಸಿ. ಕಾರು ಬಂದ ದಿನವೇ ಅವರು, "ಈ ಹಳೇ ವೈರಿಂಗು ತಡೆಯಲ್ಲ, ಗೋಡೆ ಒಡೆಸಿ ನೋಡ್ಸು" ಅಂದಿದ್ದರು. ಹೊಟ್ಟೆಕಿಚ್ಚು ಅಂದುಕೊಂಡೆ. ಇವರೇ ಸ್ವಿಚ್ಚು ಆರಿಸಿ ಆಮೇಲೆ ಹಾಕಿಡುತ್ತಾರೆ ಅಂತ, ಪಾಯಿಂಟಿನ ಮೇಲೆ ಕಬ್ಬಿಣದ ಪೆಟ್ಟಿಗೆ ಬಡಿಸಿ ಬೀಗ ಜಡಿದೆ. ಕರೆಂಟು ಯಾವಾಗ ಹೋಗುತ್ತದೆ ಅಂತ ಹಿಡಿಯಲು ಅದೇ ಲೈನಿಗೆ ಒಂದು ಕರೆಂಟಿನ ಗಡಿಯಾರ ಸಿಕ್ಕಿಸಿ ಹೊರಗಿಟ್ಟೆ. ಬೀಗ ಹಾಕಿದಂತೇ ಇದ್ದರೂ ಗಡಿಯಾರ ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿಗೆ ತಾನೇ ಓಡುತ್ತಿತ್ತು.

ಆಗಲಾದರೂ ಬುದ್ಧಿ ಬರಬೇಡವೇ? ಇವರ ಹತ್ತಿರ ಕಳ್ಳ ಕೀ ಇದೆ ಅಂತ ಬಾಗಿಲಿಗೇ ಹೋಗಿ ಕೂಗಾಡಿದೆ. "ನಮ್ಮಮ್ಮ ಸತ್ತರೆ ನಿಮಗೆ ಹಾಲು ಕುಡಿದಷ್ಟು ಸಂತೋಷವಾ?" ಅಂದೆ. ಬೀದಿಯವರೆಲ್ಲ ನೋಡುತ್ತಿದ್ದರು. ರಾಯರ ಮುಖ ಕಪ್ಪಿಟ್ಟಿತು. "ಪೆಟ್ಟಿಗೆ ತೆಗಿ, ನೋಡ್ತೀನಿ" ಅಂದರು. ಮುಟ್ಟಿದರೆ ಕೈ ಮುರಿಯುತ್ತೇನೆ ಅಂದೆ.

ಅದಾದ ಮೂರನೇ ದಿನ ಶನಿವಾರ. ರಾಯರು ಕಣ್ಣಿನ ಪೊರೆಯ ಆಪರೇಷನ್ನಿಗೆ ಆಸ್ಪತ್ರೆ ಸೇರಿದರು, ಹೆಂಡತಿಯೂ ಜೊತೆಗೆ ಹೋದರು. ಭಾನುವಾರ ಮಧ್ಯಾಹ್ನ ಕಾರು ಚಾರ್ಜಿಗೆ ಹಾಕಿ, ಬೀಗ ಜಡಿದು, ಕೀ ಜೇಬಿನಲ್ಲಿಟ್ಟುಕೊಂಡು ಎದುರಿಗೇ ಕುರ್ಚಿ ಹಾಕಿ ಕೂತೆ. ನನ್ನವಳು ಮಗಳನ್ನು ಕರೆದುಕೊಂಡು ಮದುವೆಗೆ ಹೋಗಿದ್ದಳು. ಮೇಲೆ ಅಮ್ಮ ಒಬ್ಬಳೇ ಮಲಗಿದ್ದಳು. ಎತ್ತಿಕೊಳ್ಳದೆ ಅವಳು ಇಳಿಯುವ ಹಾಗಿರಲಿಲ್ಲ, ಇಳಿಯಲು ಇದ್ದದ್ದು ಅದೊಂದೇ ಮೆಟ್ಟಿಲು.

ಮೂರು ಗಂಟೆ ಸುಮಾರಿಗೆ ಪೆಟ್ಟಿಗೆಯೊಳಗೆ ಟಪ್ ಅಂತು. ಗಡಿಯಾರ ನಿಂತಿತು. ಬೀಗ ತೆಗೆದೆ. ಸ್ವಿಚ್ಚು ಆರಿತ್ತು. ಮತ್ತೆ ಹಾಕಿ, ಮುಚ್ಚಳ ತೆಗೆದೇ ಇಟ್ಟು ನೋಡುತ್ತ ಕೂತೆ. ಎರಡು ನಿಮಿಷ ಆಗಿರಲಿಕ್ಕಿಲ್ಲ, ನನ್ನ ಕಣ್ಣೆದುರಿಗೇ ಸ್ವಿಚ್ಚು ಆರಿತು. ಯಾರೋ ಹೆಬ್ಬೆಟ್ಟಿಟ್ಟು ಒತ್ತಿದ ಹಾಗೆ, ನಿಧಾನವಾಗಿ. ಬಾಯಿಗೆ ಬಂದಂತೆ ಬೈದು ಮತ್ತೆ ಹಾಕಿದೆ. ಈ ಸಲ ಪಟಾರನೆ, ಸಿಟ್ಟಿನಿಂದ ಆರಿತು. ಪ್ಲಗ್ ಕೀಳಲು ಹೋದರೆ ಬರಲಿಲ್ಲ, ಕರಗಿ ಅಂಟಿಕೊಂಡಿತ್ತು.

ಮೇನ್ ಆರಿಸಿ, ಮೂಲೆಯಂಗಡಿಯ ಎಲೆಕ್ಟ್ರಿಷಿಯನ್ನನ್ನು ಕರೆತಂದು ಗೋಡೆ ಒಡೆಸಿದೆ. ಒಳಗೆ ವೈರಿನ ಜಾಯಿಂಟು ಸುಟ್ಟು ಇದ್ದಿಲಾಗಿತ್ತು. ಬಿಸಿಯಾದಾಗ ಬಿಟ್ಟುಕೊಂಡು, ಆರಿದಾಗ ಕೂಡಿಕೊಳ್ಳುತ್ತಿತ್ತಂತೆ. ನನ್ನ ಕಬ್ಬಿಣದ ಪೆಟ್ಟಿಗೆ ಆ ಕಾವನ್ನು ಹೊರಗೆ ಬಿಟ್ಟಿರಲಿಲ್ಲ, ಹಿಂದಿನ ಮರದ ಹಲಗೆ ಆಗಲೇ ಹೊಗೆಯಾಡುತ್ತಿತ್ತು. "ಇನ್ನೂ ಅರೆಮಣಿ ನೇರಂ ಸಾರ್, ಅವ್ವಳವುದಾನ್" ಅಂದ. ಇನ್ನರ್ಧ ಗಂಟೆ, ಅಷ್ಟೇ. ಕಾರು ಯಾಕೆ ಚಾರ್ಜ್ ಆಗುತ್ತಿರಲಿಲ್ಲ ಅನ್ನುವುದಕ್ಕೆ ಉತ್ತರ ಸಿಕ್ಕಿತು. ಆ ಸ್ವಿಚ್ಚಿನಲ್ಲಿ ಮಾತ್ರ ಅವನಿಗೆ ಯಾವ ದೋಷವೂ ಕಾಣಲಿಲ್ಲ.

ಅಮ್ಮನ ಹತ್ತಿರ ಆ ಅಂಗಡಿಯವನ ಹೆಂಡತಿಯನ್ನು ಕೂರಿಸಿ, ನೇರ ಕಣ್ಣಿನ ಆಸ್ಪತ್ರೆಗೆ ಹೋದೆ. ರಾಯರ ಕಾಲು ಹಿಡಿಯಬೇಕು ಅಂತಲೇ ಹೋದೆ. ಅವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದರು. ಊಟ ಆದಮೇಲೆ ಮಲಗಿದವರು ಈಗಷ್ಟೇ ಎದ್ದರು ಅಂತ ಹೆಂಡತಿ ಹೇಳಿದರು. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ.

"ಒಂದು ಸಲಕ್ಕೆ ಬುದ್ಧಿ ಬರಲ್ವೇನೋ ನಿನಗೆ?" ಅಂದರು ರಾಯರು. "ಮೂರು ಸಲ ಆರಿಸಬೇಕಾಯ್ತು. ಮೇಲೆ ನಿಮ್ಮಮ್ಮ ಮಲಗಿದ್ದಾರೆ ಅನ್ನೋ ಜ್ಞಾನ ಬೇಡವಾ?"

ಅವರು ಗೋಡೆ ಕಡೆ ತಿರುಗಿ, "ನಡಿ ಆಚೆಗೆ" ಅಂದರು.

ಒಂದು ತಿಂಗಳಲ್ಲಿ ಮನೆ ಖಾಲಿ ಮಾಡಿಕೊಂಡು ಹೋದರು. ಅಮ್ಮ ಇನ್ನೆರಡು ವರ್ಷ ಬದುಕಿದ್ದಳು. ಅವರ ಹೊಸ ಮನೆ ಹುಡುಕಿಕೊಂಡು ನಾಲ್ಕು ಸಲ ಹೋಗಿದ್ದೇನೆ, ಹೇಗೆ ಸಾಧ್ಯ ಅಂತ ಒಂದೇ ಮಾತು ಕೇಳಲು. ನಾಲ್ಕು ಸಲವೂ ರಾಯರು ಬಾಗಿಲು ತೆಗೆದು, ನನ್ನ ಮುಖ ನೋಡಿ, ಹಾಕಿಕೊಂಡರು.